ಹೇಳಿದವರ ಹೆಸರು

ನಾಗರಾಜಯ್ಯನವರಿಗೆ ಎರಡು ಕೆಲಸ. ಒಂದು ಹೊಟ್ಟೆಪಾಡಿಗೆ, ಇನ್ನೊಂದು, ಅವರ ಹೆಂಡತಿ ಅನಸೂಯಮ್ಮ ಹೇಳುವ ಹಾಗೆ, ಹಟಕ್ಕೆ. ವಾರದಲ್ಲಿ ಐದು ದಿನ ಟೋಟೆಮ್ ಲೇಕಿನ ಅಂಗಡಿ ಸಾಲಿನಲ್ಲಿ, ಉಗುರಿಗೆ ಬಣ್ಣ ಹಚ್ಚುವ ಪಾರ್ಲರಿಗೂ ಟೀ ಅಂಗಡಿಗೂ ನಡುವಿನ ಆರಡಿ ಜಾಗದಲ್ಲಿ ಕೂತು ವಾಚು ರಿಪೇರಿ ಮಾಡುತ್ತಿದ್ದರು. ಶನಿವಾರ, ಭಾನುವಾರ ಮಿಲ್ ಕ್ರೀಕಿನ ರಾಮಮಂದಿರದಲ್ಲಿ ಪುಸ್ತಕ ಹಿಡಿಯುತ್ತಿದ್ದರು. ತುಮಕೂರಿನ ವಾಚು ಕಾರ್ಖಾನೆಯಲ್ಲಿ ಇಪ್ಪತ್ತು ವರ್ಷ ದುಡಿದು, ವಿಆರ್‌ಎಸ್ ತೆಗೆದುಕೊಂಡು, ಇಲ್ಲಿದ್ದ ತಂಗಿ ವೀಸಾಕ್ಕೆಂದು ಹಾಕಿದ್ದ ಅರ್ಜಿ ಹನ್ನೆರಡು ವರ್ಷದ ಮೇಲೆ ಹಣ್ಣಾದಾಗ ಹೆಂಡತಿ ಮತ್ತು ಹೈಸ್ಕೂಲು ಓದುತ್ತಿದ್ದ ಮಗನೊಂದಿಗೆ ಈ ಡಾಲರಿನ ದೇಶಕ್ಕೆ ಬಂದವರು. ಸುತ್ತಮುತ್ತ ಇದ್ದ ಕನ್ನಡದವರೆಲ್ಲ ಕಂಪ್ಯೂಟರಿನವರು. ಕೈಯಲ್ಲಿ ಚಿಮಟ ಹಿಡಿದು ಅನ್ನ ತಿನ್ನುವವನು ತಾನೊಬ್ಬನೇ ಎಂಬ ಜಂಬ ನಾಗರಾಜಯ್ಯನವರಿಗೆ ಸ್ವಲ್ಪ ಹೆಚ್ಚಾಗಿಯೇ ಇತ್ತು.

ಮಂದಿರ ಎಂದರೆ ಗೋಪುರ ಇರುವ ಗುಡಿಯಲ್ಲ. ಟೈಲ್ಸ್ ಮಾರುವ ಗೋಡೌನಿಗೂ ಕರಾಟೆ ಕ್ಲಾಸಿಗೂ ನಡುವೆ ಬಾಡಿಗೆಗೆ ಹಿಡಿದ ಉದ್ದನೆಯ ಹಾಲ್. ಪೂಜೆಗೆ ಅಶ್ವತ್ಥನಾರಾಯಣ ಭಟ್ಟರು. ಬಾಕಿ ಎಲ್ಲಕ್ಕೂ ನಾಗರಾಜಯ್ಯ: ಬೀಗ ತೆಗೆಯುವುದು, ಗಂಟೆ ಬಾರಿಸುವುದು, ಸಂಕಲ್ಪದ ಹೊತ್ತಿಗೆ ಹೆಸರು ಕೂಗುವುದು, ಎಲ್ಲಕ್ಕಿಂತ ಮುಖ್ಯವಾಗಿ ಪುಸ್ತಕ ಬರೆಯುವುದು. ಕೆಂಪು ಬಟ್ಟೆಯ ರಟ್ಟು ಹಾಕಿದ ಉದ್ದ ಪುಸ್ತಕ. ಯಾರ ಮನೆಯಲ್ಲಿ ಮಗು ಹುಟ್ಟಿತು, ಯಾರ ಮದುವೆಯಾಯಿತು, ಯಾರು ತೀರಿಕೊಂಡರು, ಹದಿನಾಲ್ಕು ವರ್ಷದ್ದು ಅದರಲ್ಲಿತ್ತು. ತೀರಿಕೊಂಡವರ ಪುಟಗಳಲ್ಲಿ ಐದು ಕಾಲಂ. ಹೆಸರು, ಊರು, ಹೊತ್ತು, ತಿಥಿ, ಕೊನೆಯಲ್ಲಿ ‘ಹೇಳಿದವರು’. ಪ್ರತಿ ವರ್ಷ ತಿಥಿಗೆ ಹತ್ತು ದಿನ ಮುಂಚೆ ನಾಗರಾಜಯ್ಯ ಆ ಮನೆಗೆ ಫೋನು ಮಾಡಿ ನೆನಪಿಸುತ್ತಿದ್ದರು. ಆ ದಿನ ಮಧ್ಯಾಹ್ನದ ಮಂಗಳಾರತಿಯಲ್ಲಿ ಸತ್ತವರ ಹೆಸರು ಕೂಗುತ್ತಿದ್ದರು. ಮನೆಯವರು ಅಕ್ಕಿ, ಬೇಳೆ, ತರಕಾರಿ ತಂದು ಕೊಟ್ಟು ಹೋಗುತ್ತಿದ್ದರು. ವಾರದ ದಿನ ಬಿದ್ದರೆ ಅಂಗಡಿಗೆ ‘ಎರಡು ಗಂಟೆಯಲ್ಲಿ ಬರುತ್ತೇನೆ’ ಎಂದು ಬೋರ್ಡು ತಗುಲಿಸಿ ಹೊರಟುಬಿಡುತ್ತಿದ್ದರು.

ಇಲ್ಲಿ ಕೂತು ಊರಿನ ತಿಥಿ ಹಿಡಿಯುವುದು ಮಕ್ಕಳಾಟವಲ್ಲ. ಊರಿನಲ್ಲಿ ಬೆಳಗಿನ ಜಾವ ಜೀವ ಹೋದರೆ ಇಲ್ಲಿ ಇನ್ನೂ ಹಿಂದಿನ ದಿನದ ಮಧ್ಯಾಹ್ನ. ಫೋನು ಬಂದ ತಾರೀಕು ಹಿಡಿದು, ಊರಿಂದ ತಂದ ಪಂಚಾಂಗ ತೆರೆದು ನೋಡಿದರೆ ಒಂದು ದಿನ ಜಾರಿತೆಂದೇ ಲೆಕ್ಕ. ಓದಿದವರು, ದೊಡ್ಡ ದೊಡ್ಡ ಲೆಕ್ಕ ಮಾಡುವವರು ಕೂಡ ಈ ಒಂದು ಕಡೆ ಎಡವುತ್ತಿದ್ದರು. ಅವರಿಗೆಲ್ಲ ನಾಗರಾಜಯ್ಯ ಪಾಠ ಹೇಳುತ್ತಿದ್ದರು. ಜೀವ ಹೋದ ಊರಿನ ಗಳಿಗೆ ಹಿಡಿಯಬೇಕು, ಫೋನು ಬಂದ ಊರಿನದಲ್ಲ; ಪಕ್ಕದಲ್ಲಿ ಕೂತಿದ್ದವರನ್ನು ಕೇಳಬೇಕು, ಕೇಳಿ ಅವರ ಹೆಸರು ಬರೆಯಬೇಕು ಎಂದು.

ದಸರಾ ಗೊಂಬೆಗಳನ್ನು ಪೆಟ್ಟಿಗೆಗೆ ತುಂಬಿದ ವಾರ ಮಂದಿರದ ಅಧ್ಯಕ್ಷ ದ್ವಾರಕಾನಾಥ್ ವಾಚು ಅಂಗಡಿಗೆ ಬಂದರು. ಬ್ಯಾಟರಿ ಹೋಗಿದೆ ಎಂದು ವಾಚು ಬಿಚ್ಚಿ ಕೊಟ್ಟರು. ನಾಗರಾಜಯ್ಯ ಹಿಂದಿನ ಮುಚ್ಚಳ ತೆಗೆಯುವಷ್ಟರಲ್ಲಿ ಅಸಲು ವಿಷಯ ಹೊರಬಂತು. ಪುಸ್ತಕದಲ್ಲಿ ಒಂದು ಸಣ್ಣ ತಿದ್ದುಪಡಿ ಆಗಬೇಕಂತೆ.

ತ್ರಿವಿಕ್ರಮ ಗೊತ್ತಲ್ಲ, ಫ್ರೀಮಾಂಟಿನ ಕಂಪನಿಯಲ್ಲಿ ಡೈರೆಕ್ಟರು, ಮಂದಿರದ ಹೊಸ ಅಡಿಗೆಮನೆಗೆ ಅರ್ಧ ಖರ್ಚು ಕೊಡುತ್ತಿರುವವನು. ಅವನ ತಂದೆ ಶಾಮಣ್ಣನವರು ಮೈಸೂರಿನಲ್ಲಿ ತೀರಿಕೊಂಡು ಇದು ಐದನೇ ವರ್ಷ. ಪುಸ್ತಕದಲ್ಲಿ ಕಾರ್ತಿಕ ಬಹುಳ ದ್ವಾದಶಿ ಎಂದಿದೆ. ಆಸ್ಪತ್ರೆಯ ಕಾಗದದಲ್ಲಿ ಬೆಳಿಗ್ಗೆ ಆರು ಹತ್ತು ಎಂದಿದೆ, ಆ ಹೊತ್ತಿಗೆ ತ್ರಯೋದಶಿ ಬಂದಾಗಿತ್ತು. ಈ ಸಲ ದ್ವಾದಶಿ ಶುಕ್ರವಾರ, ತ್ರಯೋದಶಿ ಶನಿವಾರ. ಶನಿವಾರ ಮುನ್ನೂರು ಜನಕ್ಕೆ ಊಟ ಹಾಕಿ ಅಡಿಗೆಮನೆಗೆ ತಂದೆಯ ಹೆಸರು ಇಡಬೇಕೆಂದು ತ್ರಿವಿಕ್ರಮನ ಆಸೆ. ಕಾಗದವೂ ಹಾಗೇ ಹೇಳುತ್ತದೆ, ರಜವೂ ಸಿಗುತ್ತದೆ.

“ಹೇಳಿದವರು ಅನ್ನೋ ಕಡೆ ಯಾರ ಹೆಸರಿದೆ, ನೋಡಿದ್ರಾ?” ಎಂದು ನಾಗರಾಜಯ್ಯ ಕಣ್ಣಿಗೆ ಸಿಕ್ಕಿಸಿದ ಭೂತಗನ್ನಡಿ ತೆಗೆಯದೆ ಕೇಳಿದರು.

“ತ್ರಿವಿಕ್ರಮನ ತಾಯಿ ವಸಂತಲಕ್ಷ್ಮಮ್ಮನವರದ್ದು.”

“ಹಾಗಾದ್ರೆ ಅವರೇ ಬಂದು ತಿದ್ದಿಸ್ಲಿ. ಆಯಮ್ಮ ಗಂಡನ ಕೈ ಹಿಡ್ಕೊಂಡು ಕೂತಿದ್ರು, ಉಸಿರು ನಿಂತಿದ್ದು ಮೂರೂವರೆಗೆ ಅಂದ್ರು. ಡಾಕ್ಟರು ಆರಕ್ಕೆ ಬಂದು ಬರ್ಕೊಂಡ್ರೆ ಸತ್ತವರು ಅಲ್ಲೀವರೆಗೂ ಕಾಯ್ತಾ ಇರ್ತಾರಾ?”

ದ್ವಾರಕಾನಾಥ್ ನಕ್ಕರು. ಒಂದು ಪದ ತಿದ್ದಿದರೆ ಏನು ಮುಳುಗುತ್ತದೆ ಎಂದು ಸಮಾಧಾನದ ಮಾತಾಡಿದರು. ನಾಗರಾಜಯ್ಯ ಕಡ್ಡಿ ತುಂಡು ಮಾಡಿದ ಹಾಗೆ ಆಗುವುದಿಲ್ಲ ಎಂದರು. ಬೇರೆ ದಿನವಾಗಿದ್ದರೆ ಅಧ್ಯಕ್ಷರ ಹತ್ತಿರ ಬ್ಯಾಟರಿಗೆ ದುಡ್ಡು ತೆಗೆದುಕೊಳ್ಳುತ್ತಿರಲಿಲ್ಲ. ಅವತ್ತು ಹನ್ನೆರಡು ಡಾಲರು ತೆಗೆದುಕೊಂಡು ರಸೀತಿಯನ್ನೂ ಕೊಟ್ಟರು.

ನಾಗರಾಜಯ್ಯ ಮನೆ ಮುಟ್ಟುವ ಮುಂಚೆಯೇ ಸುದ್ದಿ ಮುಟ್ಟಿತ್ತು. ಮಗ ಶಶಾಂಕ್ ಕೆಲಸ ಮಾಡುವುದು ತ್ರಿವಿಕ್ರಮನ ಕೆಳಗೆ, ನಡುವೆ ಇರುವುದು ಒಬ್ಬನೇ ಮ್ಯಾನೇಜರು. ಜನವರಿಯಲ್ಲಿ ಟೀಮುಗಳನ್ನೆಲ್ಲ ಬಿಚ್ಚಿ ಹೊಸದಾಗಿ ಕಟ್ಟುತ್ತಾರೆಂಬ ಮಾತು ಆಫೀಸಿನಲ್ಲಿ ಎದ್ದಿತ್ತು. ಯಾರು ಉಳಿಯುತ್ತಾರೆ, ಯಾರು ಹೋಗುತ್ತಾರೆ ಎಂದು ಗೊತ್ತಿಲ್ಲದ ಕಾಲ. ಅಂಥ ಹೊತ್ತಿನಲ್ಲಿ ತ್ರಿವಿಕ್ರಮ ಲಿಫ್ಟಿನಲ್ಲಿ ಸಿಕ್ಕಿ, ನಿಮ್ಮ ತಂದೆಯವರಿಗೆ ಸ್ವಲ್ಪ ಹೇಳಿ ಎಂದಿದ್ದ, ನಗುನಗುತ್ತಲೇ.

ರಾತ್ರಿ ಊಟಕ್ಕೆ ಮುದ್ದೆ, ಹುರುಳಿಕಾಳಿನ ಬಸ್ಸಾರು. ಎಂಟು ವರ್ಷದ ಮೊಮ್ಮಗಳು ಸಿರಿಗೆ ಬೇರೆ ಪಾಸ್ತಾ. ಶಶಾಂಕ್ ಮುದ್ದೆ ಮುರಿಯದೆ ಕೂತಿದ್ದ.

“ಅಪ್ಪಾ, ಅವರಪ್ಪ, ಅವರ ತಿಥಿ. ನಿಮಗೇನು ಕಷ್ಟ?”

“ಅವರಪ್ಪ ಹೌದು. ಪುಸ್ತಕ ನಂದು.”

“ಪುಸ್ತಕ ಮಂದಿರದ್ದು.”

“ಬರ್ದಿರೋ ಕೈ ನಂದಲ್ವಾ?”

“ನನ್ ಕೆಲಸ ಹೋದ್ರೆ ಈ ಮನೆ ಕಂತು ಯಾರು ಕಟ್ತಾರೆ? ವಾಚಿನ ಬ್ಯಾಟರಿ ಕಟ್ಟತ್ತಾ?”

ಈ ಮಾತು ನಾಗರಾಜಯ್ಯನವರಿಗೆ ನೆಟ್ಟಿತು. ಮಗ ಕಾಲೇಜಿಗೆ ಸೇರಿದಾಗ ಫೀಸು ಕಟ್ಟಿದ್ದು ಅದೇ ವಾಚಿನ ಬ್ಯಾಟರಿ ಎಂದು ಹೇಳಲು ಬಾಯಿ ತೆರೆದರು. ಅಷ್ಟರಲ್ಲಿ ಅನಸೂಯಮ್ಮ ತಟ್ಟೆಗೆ ಇನ್ನೊಂದು ಸೌಟು ಸಾರು ಬಿಟ್ಟು, ಮೊದಲು ಉಣ್ಣಿ, ಮುದ್ದೆ ಆರಿದರೆ ಕಲ್ಲು ಎಂದರು. ಸೊಸೆ ಪ್ರತಿಭಾ ಮಾತ್ರ ತಣ್ಣಗೆ, ಎರಡು ಕಡೆಯವರೂ ಒಂದು ಮಾತು ಆ ವಸಂತಲಕ್ಷ್ಮಮ್ಮನವರನ್ನು ಕೇಳಿದರೆ ಜಗಳ ಮುಗಿಯುತ್ತದಲ್ಲ ಎಂದಳು. ಅವಳು ಔಷಧಿ ಅಂಗಡಿಯಲ್ಲಿ ಕೆಲಸ ಮಾಡುವವಳು. ಡಬ್ಬಿಯ ಮೇಲೆ ಬರೆದಿದ್ದನ್ನು ಮೂರು ಸಲ ಓದದೆ ಯಾರಿಗೂ ಕೊಡುವುದಿಲ್ಲ. ಅವಳ ಮಾತನ್ನು ಅವತ್ತು ಯಾರೂ ಕಿವಿಗೆ ಹಾಕಿಕೊಳ್ಳಲಿಲ್ಲ.

ಮಾರನೆಯ ದಿನದಿಂದ ಅಪ್ಪ ಮಗನ ನಡುವೆ ಮಾತು ನಿಂತಿತು. ಉಪ್ಪು ಬೇಕಾದರೆ ಸಿರಿಯ ಮೂಲಕ, ಕಾರಿನ ಕೀ ಬೇಕಾದರೂ ಸಿರಿಯ ಮೂಲಕ. ಸಿರಿ ಎರಡು ದಿನ ಖುಷಿಯಿಂದ ಆಡಿದಳು, ಮೂರನೇ ದಿನ ಬೇಸತ್ತು, “ತಾತ, ಯೂ ಬೋತ್ ಸ್ಪೀಕ್ ಕನ್ನಡ. ಯೂಸ್ ಇಟ್” ಎಂದು ಮೇಲೆ ಹೋದಳು. ದೀಪಾವಳಿಗೆ ಅನಸೂಯಮ್ಮ ಮಾಡಿದ ಒಬ್ಬಟ್ಟನ್ನು ಅಪ್ಪ ಮೇಜಿನ ಒಂದು ಕೊನೆಯಲ್ಲಿ, ಮಗ ಇನ್ನೊಂದು ಕೊನೆಯಲ್ಲಿ ಕೂತು ತಿಂದರು. ಮಂದಿರದಿಂದ ಕಾಗದ ಬಂತು: ಪುಸ್ತಕವನ್ನೆಲ್ಲ ಕಂಪ್ಯೂಟರಿಗೆ ಏರಿಸಬೇಕಾಗಿರುವುದರಿಂದ ಪುಟಗಳ ಫೋಟೋ ತೆಗೆದು ಕೊಡಬೇಕು, ಮುಂದೆ ಪುಸ್ತಕ ಯಾರ ವಶದಲ್ಲಿರಬೇಕೆಂದು ಕಾರ್ತಿಕದ ಸಭೆಯಲ್ಲಿ ತೀರ್ಮಾನವಾಗುತ್ತದೆ. ಕಾಗದ ಓದಿ ನಾಗರಾಜಯ್ಯನವರಿಗೆ ಅನ್ನ ಸೇರಲಿಲ್ಲ. ಯಾರ ಮುಂದೆಯೂ ತೋರಿಸಿಕೊಳ್ಳಲಿಲ್ಲ, ಅಷ್ಟೇ. ಪುಸ್ತಕ ಹೋದರೆ ತಾನು ಬರೀ ಬ್ಯಾಟರಿ ಹಾಕುವ ಮುದುಕ ಎಂಬುದು ಅವರಿಗೆ ಗೊತ್ತಿತ್ತು.

ಅದೇ ದಿನಗಳಲ್ಲಿ ಕಾರ್ತಿಕ ಶುದ್ಧ ನವಮಿ ಬಂತು. ಅನಸೂಯಮ್ಮನ ತಾಯಿ ತಿಮ್ಮಕ್ಕನವರ ದಿನ. ತುಮಕೂರಿನಲ್ಲಿ ತೀರಿಕೊಂಡು ಹನ್ನೆರಡು ವರ್ಷವಾಗಿತ್ತು. ಪ್ರತಿ ವರ್ಷದಂತೆ ನಾಗರಾಜಯ್ಯ ಮಂದಿರದಲ್ಲಿ ಅತ್ತೆಯ ಹೆಸರು ಕೂಗಿದರು, ಅಕ್ಕಿ ಬೇಳೆ ಕೊಟ್ಟರು, ಮನೆಯಲ್ಲಿ ಅನಸೂಯಮ್ಮ ಪಾಯಸ ಮಾಡಿದರು. ಪ್ರತಿ ವರ್ಷದಂತೆ ಮಾರನೆಯ ದಿನ ಬೆಳಿಗ್ಗೆ ಎದ್ದು ಸ್ನಾನ ಮಾಡಿ, ಯಾರಿಗೂ ಹೇಳದೆ ಕಾಯಿಕಡುಬು ಬೇಯಿಸಿದರು. ಪ್ರತಿ ವರ್ಷದಂತೆ ನಾಗರಾಜಯ್ಯ ಗೊಣಗಿದರು. “ನಿನ್ನೆ ತಾನೆ ಪಾಯಸ ಆಯ್ತು, ಇವತ್ತು ಮತ್ತೆ ಕಡುಬಾ? ನನ್ ಶುಗರ್ ನೋಡಿದೀಯಾ?”

“ನಿಮಗೆ ಅಂತ ಯಾರು ಮಾಡಿದ್ರು?” ಎಂದು ಅನಸೂಯಮ್ಮ ಒಂದು ಕಡುಬನ್ನು ಬಾಳೆ ಎಲೆಯ ಚೂರಿನ ಮೇಲಿಟ್ಟು ಹಿತ್ತಲ ಬಾಗಿಲು ತೆರೆದು ಹೊರಗೆ ಹೋದರು. ಜಿಟಿಜಿಟಿ ಮಳೆ. ಬೇಲಿಯ ಮೇಲೆ ಎಲೆ ಇಟ್ಟು, ಕಾಗೆ ಬರುವವರೆಗೂ ಸೆರಗು ಹೊದ್ದು ನಿಂತು, ಒಳಗೆ ಬಂದರು.

ಫೋಟೋ ತೆಗೆಯುವ ಕೆಲಸ ಪ್ರತಿಭಾಳ ಪಾಲಿಗೆ ಬಿತ್ತು. ಶಶಾಂಕ್ ಆ ಪುಸ್ತಕ ಮುಟ್ಟುವುದಿಲ್ಲ ಎಂದಿದ್ದ, ನಾಗರಾಜಯ್ಯ ಹೊರಗಿನವರ ಕೈಗೆ ಕೊಡುವುದಿಲ್ಲ ಎಂದಿದ್ದರು. ಒಂದು ಬುಧವಾರ ಸಂಜೆ ಅವಳು ಊಟದ ಮೇಜು ಒರೆಸಿ, ಪುಸ್ತಕ ಬಿಡಿಸಿ, ಒಂದೊಂದು ಪುಟಕ್ಕೂ ಫೋನು ಹಿಡಿದಳು. ನಾಗರಾಜಯ್ಯ ಎದುರಿಗೆ ಕೂತು ಪುಟ ತಿರುವುತ್ತಿದ್ದರು. ಅನಸೂಯಮ್ಮ ಅಲ್ಲೇ ಸೊಪ್ಪು ಬಿಡಿಸುತ್ತಿದ್ದರು.

“ಮಾವ, ಒಂದು ವಿಷಯ” ಎಂದು ಪ್ರತಿಭಾ ಫೋನು ಕೆಳಗಿಟ್ಟಳು. “ಇನ್ನೂರು ಚಿಲ್ಲರೆ ಹೆಸರು ನೋಡ್ದೆ. ಹೇಳಿದವರು ಅನ್ನೋ ಕಡೆ ಹೆಂಡ್ತಿ, ಮಗ, ಅಣ್ಣ, ಪಕ್ಕದ ಮನೆಯವರು, ಒಂದು ಕಡೆ ನರ್ಸು. ಇದೊಂದರಲ್ಲಿ ಮಾತ್ರ ನಿಮ್ಮ ಹೆಸರೇ ಇದೆ. ತಿಮ್ಮಕ್ಕ ಅಜ್ಜಿದು.”

ನಾಗರಾಜಯ್ಯ ಪುಸ್ತಕ ತಮ್ಮ ಕಡೆ ತಿರುಗಿಸಿಕೊಂಡರು. ಎರಡನೇ ವರ್ಷದ ಬರವಣಿಗೆ, ಅಕ್ಷರ ಇನ್ನೂ ದುಂಡಾಗಿತ್ತು. ತಿಮ್ಮಕ್ಕ. ತುಮಕೂರು. ಹೊತ್ತಿನ ಜಾಗ ಖಾಲಿ. ನವಮಿ. ಹೇಳಿದವರು: ನಾಗರಾಜ. ಹೊತ್ತು ಖಾಲಿ ಬಿಟ್ಟಿದ್ದು ಪುಸ್ತಕದಲ್ಲೆಲ್ಲ ಅದೊಂದೇ. ಆಗಿದ್ದೇನೆಂದು ಅವರಿಗೆ ನಿಧಾನವಾಗಿ ನೆನಪಾಯಿತು. ಮಧ್ಯಾಹ್ನ ಫೋನು ಬಂದಿತ್ತು, ಅನಸೂಯ ನೆಲದ ಮೇಲೆ ಕೂತು ಅಳುತ್ತಿದ್ದಳು. ಗೋಡೆಯ ಮೇಲಿನ ಕ್ಯಾಲೆಂಡರಿನಲ್ಲಿ ಅವತ್ತಿನ ತಾರೀಕು ನೋಡಿ, ಮೈಸೂರಿನ ಪಂಚಾಂಗದಲ್ಲಿ ಅದೇ ತಾರೀಕು ಹುಡುಕಿ, ಬರೆದುಬಿಟ್ಟಿದ್ದರು. ಆಗ ಅವರಿಗೆ ಈ ಲೆಕ್ಕ ತಿಳಿದಿರಲಿಲ್ಲ. ಆಮೇಲೆ ತಿಳಿದುಕೊಂಡು ಊರಿಗೆಲ್ಲ ಪಾಠ ಹೇಳಿದರು, ಹಿಂತಿರುಗಿ ಸ್ವಂತ ಮನೆಯ ಪುಟ ಮಾತ್ರ ನೋಡಿರಲಿಲ್ಲ.

“ಅನಸೂಯ,” ಎಂದರು. “ನಿಮ್ಮಮ್ಮ ಹೋಗಿದ್ದು ಎಷ್ಟು ಹೊತ್ತಿಗೆ?”

ಅನಸೂಯಮ್ಮ ಸೊಪ್ಪಿನ ಕಡ್ಡಿ ಕೆಳಗಿಡಲಿಲ್ಲ.

“ಈಗ ಕೇಳಿದ್ರಾ?”

“ಹೇಳು.”

“ಬೆಳಗಿನ ಜಾವ ಮೂರಕ್ಕೆ. ತಮ್ಮ ಅಪ್ಪಣ್ಣ ಪಕ್ಕದಲ್ಲೇ ಇದ್ದ. ನೀರು ಕೇಳಿದ್ಲಂತೆ, ಲೋಟ ತರೋದ್ರೊಳಗೆ ಹೋದ್ಲಂತೆ. ಊರಲ್ಲಿ ಆಗ್ಲೇ ದಶಮಿ ಬಿದ್ದಿತ್ತು. ಅಪ್ಪಣ್ಣ ವರ್ಷಾ ವರ್ಷಾ ದಶಮಿಗೇ ಮಾಡ್ತಾನೆ.”

“ನೀನು ನಂಗೆ ಹೇಳ್ಲೇ ಇಲ್ವಲ್ಲ.”

“ಹೇಳಿದ್ದೆ. ಮೊದಲನೇ ವರ್ಷಾನೇ ಹೇಳಿದ್ದೆ. ಅಪ್ಪಣ್ಣ ನಾಳೆ ಅಂತಾನಲ್ರೀ ಅಂದೆ. ನಿಂಗೆ ಟೈಮ್ ಡಿಫರೆನ್ಸ್ ಅರ್ಥ ಆಗಲ್ಲ ಸುಮ್ನಿರೆ ಅಂದ್ರಿ. ಸುಮ್ನಿದ್ದೆ. ನಿಮ್ಮ ನವಮಿ ನೀವು ಮಾಡಿ, ನನ್ನ ದಶಮಿ ನಾನು ಮಾಡ್ತೀನಿ ಅಂತ ಹನ್ನೆರಡು ವರ್ಷದಿಂದ ಕಡುಬು ಬೇಯಿಸ್ತಾ ಇದೀನಿ. ಅಮ್ಮಂಗೆ ಕಾಯಿಕಡುಬು ಅಂದ್ರೆ ಪ್ರಾಣ. ನೀವು ಶುಗರ್ ಅಂದ್ರಿ.”

ಪ್ರತಿಭಾ ಅತ್ತೆಯ ಮುಖ ನೋಡಿದಳು, ಮಾವನ ಮುಖ ನೋಡಲು ಅವಳಿಗೆ ಧೈರ್ಯ ಬರಲಿಲ್ಲ. ನಾಗರಾಜಯ್ಯನವರಿಗೆ ನಾಚಿಕೆಯಾಗಿತ್ತು. ಅರವತ್ತೈದು ವರ್ಷದಲ್ಲಿ ಅಷ್ಟು ನಾಚಿಕೆ ಎಂದೂ ಆಗಿರಲಿಲ್ಲ.

“ಪುರಾಣ ಹೇಳೋಕೆ, ಬದನೇಕಾಯಿ ತಿನ್ನೋಕೆ” ಎಂದು ಅನಸೂಯಮ್ಮ ಮುಂದುವರಿಸಿದರು. ಇಷ್ಟು ವರ್ಷದ್ದು ಒಂದೇ ಸಲಕ್ಕೆ ಬರುತ್ತಿತ್ತು. “ಆ ವಸಂತಲಕ್ಷ್ಮಮ್ಮನ ಮಾತಿಗೋಸ್ಕರ ಮಗನ ಜೊತೆ ಮಾತು ಬಿಟ್ಟಿದೀರಿ, ಊರ ಮುಂದೆ ಎದೆ ಉಬ್ಬಿಸಿ ನಿಂತಿದೀರಿ. ಸರಿಯಾಗೇ ಮಾಡ್ತಿದೀರಿ, ಬೇಡ ಅನ್ನಲ್ಲ. ಆದ್ರೆ ಪಕ್ಕದಲ್ಲಿ ಮಲಗೋಳ ಮಾತಿಗೆ ಆ ಪುಸ್ತಕದಲ್ಲಿ ಜಾಗ ಇರ್ಲಿಲ್ವಾ?”

ಆ ರಾತ್ರಿ ಅವರು ಗಂಡನಿಗೆ ಬಡಿಸಲಿಲ್ಲ. ನಾಗರಾಜಯ್ಯ ತಾವೇ ಬಡಿಸಿಕೊಂಡು, ತಟ್ಟೆ ತಾವೇ ತೊಳೆದಿಟ್ಟರು.

ವಿಷಯ ಗೊತ್ತಾಗಿ ಶಶಾಂಕ್ ಮೌನ ಮುರಿದ. ಶುಕ್ರವಾರ ಬೆಳಿಗ್ಗೆ ಕಾಫಿ ಲೋಟ ಹಿಡಿದು ಬಂದು ಅಪ್ಪನ ಎದುರಿಗೆ ಕೂತ. ಜಗಳಕ್ಕೆ ಬಂದವನಲ್ಲ, ಪಾಪ, ದಾರಿ ಹುಡುಕಿಕೊಂಡು ಬಂದಿದ್ದ. ಎರಡನ್ನೂ ಒಟ್ಟಿಗೆ ತಿದ್ದಿಬಿಡಿ, ಸಭೆಗೆ ಮುಂಚೆ ಮುಗಿದುಹೋಗುತ್ತದೆ, ಪುಸ್ತಕವೂ ನಿಮ್ಮ ಹತ್ತಿರವೇ ಉಳಿಯುತ್ತದೆ ಎಂದ.

“ಅಜ್ಜೀದು ತಿದ್ದಬೇಕು, ಯಾಕಂದ್ರೆ ನಾನು ಕೇಳ್ಲಿಲ್ಲ. ಶಾಮಣ್ಣನವರದ್ದು ತಿದ್ದಬಾರದು, ಯಾಕಂದ್ರೆ ನಾನು ಕೇಳಿದೀನಿ” ಎಂದರು ನಾಗರಾಜಯ್ಯ.

“ಸರಿ, ಅಜ್ಜೀದು ಸುಮ್ನೆ ತಿದ್ಕೊಳ್ಳಿ. ಸಭೇಲಿ ಬಾಯಿ ಬಿಡ್ಬೇಡಿ. ನೀವೇ ತಪ್ಪು ಮಾಡಿದೀರಿ ಅಂತ ಗೊತ್ತಾದ್ರೆ ಅವತ್ತೇ ಪುಸ್ತಕ ಕಿತ್ಕೋತಾರೆ.”

“ಕಿತ್ಕೊಳ್ಳಲಿ.”

“ಅಪ್ಪಾ, ಈ ಹಟಕ್ಕೆ ಏನು ಹೆಸರು ಇಡ್ಬೇಕೋ ಗೊತ್ತಿಲ್ಲ ನಂಗೆ.”

“ನಿಮ್ಮಮ್ಮನ್ನ ಕೇಳು, ಅವಳ ಹತ್ರ ಹೆಸರುಗಳಿವೆ.”

ಒಲೆಯ ಮುಂದೆ ನಿಂತಿದ್ದ ಅನಸೂಯಮ್ಮನಿಗೆ ನಗು ಬಂತು. ಎರಡು ದಿನದಿಂದ ಗಂಡನ ಜೊತೆ ಮಾತು ಬಿಟ್ಟಿದ್ದರಿಂದ ಅದನ್ನು ತಡೆದುಕೊಂಡರು.

ಭಾನುವಾರ ಸಭೆಗೆ ಅರವತ್ತಮೂರು ಜನ ಬಂದಿದ್ದರು. ಗೋಡೆಯ ಆಚೆ ಕರಾಟೆ ಮಕ್ಕಳ ಕೂಗು. ತ್ರಿವಿಕ್ರಮ ಮುಂದಿನ ಸಾಲಿನಲ್ಲಿ ಕೂತಿದ್ದ. ಅವನ ತಾಯಿ ಬಂದಿರಲಿಲ್ಲ, ಚಳಿ ಎಂದು ಮನೆಯಲ್ಲೇ ಬಿಟ್ಟು ಬಂದಿದ್ದ. ದ್ವಾರಕಾನಾಥ್ ವಿಷಯ ಮುಂದಿಟ್ಟರು. ತ್ರಿವಿಕ್ರಮ ಎದ್ದು, ಮರ್ಯಾದೆಯಿಂದಲೇ ಮಾತಾಡಿದ. ಅಂಕಲ್ ಮೇಲೆ ಗೌರವ ಇದೆ, ಆದರೆ ಕಾಗದದಲ್ಲಿ ಇರುವುದು ಕಾಗದದಲ್ಲಿ ಇದೆ. ಅಮ್ಮನಿಗೆ ಎಪ್ಪತ್ತಾರು, ಆ ದಿನ ಅವರ ಮನಸ್ಸು ಸ್ಥಿಮಿತದಲ್ಲಿರಲಿಲ್ಲ, ಅವರ ನೆನಪನ್ನು ನಂಬುವುದು ಹೇಗೆ ಎಂದ.

ನಾಗರಾಜಯ್ಯ ಪುಸ್ತಕ ಎದೆಗೆ ಅಂಟಿಸಿಕೊಂಡು ಎದ್ದರು. ಮಾತು ತಯಾರು ಮಾಡಿಕೊಂಡಿರಲಿಲ್ಲ.

“ಶಾಮಣ್ಣನವರ ಸಾಲು ನಾನು ತಿದ್ದಲ್ಲ. ಅವರ ಹೆಂಡತಿನೇ ಬಂದು ನಾನು ಹೇಳಿದ್ದು ತಪ್ಪು ಅಂದ್ರೆ ತಿದ್ತೀನಿ. ಬೇರೆಯವರು ಅಂದ್ರೆ ಇಲ್ಲ. ಇದು ಒಂದು. ಎರಡನೇದು, ಈ ಪುಸ್ತಕದಲ್ಲಿ ಒಂದು ತಪ್ಪು ಇದೆ, ಅದು ನನ್ನ ಮನೇದೇ.”

ತಿಮ್ಮಕ್ಕನವರ ಸಾಲನ್ನು ಓದಿದರು. ಹೆಂಡತಿಯನ್ನು ಕೇಳದೆ ಬರೆದೆ, ಅವಳು ಹೇಳಿದಾಗಲೂ ಕಿವಿಗೆ ಹಾಕಿಕೊಳ್ಳಲಿಲ್ಲ, ಹನ್ನೆರಡು ವರ್ಷ ಇದೇ ಜಾಗದಲ್ಲಿ ನಿಂತು ತಪ್ಪು ದಿನ ಹೆಸರು ಕೂಗಿದೆ ಎಂದು ಒಂದನ್ನೂ ಬಿಡದೆ ಹೇಳಿದರು. ಹಾಲ್‌ನಲ್ಲಿ ಗುಸುಗುಸು ಶುರುವಾಯಿತು. ಹಿಂದಿನಿಂದ ಯಾರೋ, ಗಡಿಯಾರ ರಿಪೇರಿ ಮಾಡುವವರಿಗೇ ದಿನ ಗೊತ್ತಾಗಲಿಲ್ಲವೇ ಎಂದರು. ನಾಲ್ಕು ಜನ ನಕ್ಕರು. ದ್ವಾರಕಾನಾಥ್ ಇದನ್ನೇ ಕಾಯುತ್ತಿದ್ದವರಂತೆ, ಅವರ ಬಾಯಿಂದಲೇ ಬಂತಲ್ಲ, ಮನುಷ್ಯರ ಕೈ ಬರಹ ನಂಬುವ ಹಾಗಿಲ್ಲ ಎಂದರು.

ಆಗ ಅನಸೂಯಮ್ಮ ಎದ್ದರು. ಮಂದಿರದಲ್ಲಿ ಹದಿನಾಲ್ಕು ವರ್ಷ ಪುಳಿಯೋಗರೆ ಕಲಸಿದ್ದರು, ಸಭೆಯಲ್ಲಿ ಒಂದು ದಿನವೂ ಮಾತಾಡಿರಲಿಲ್ಲ. ನೇರ ಮುಂದೆ ಹೋಗಿ ಗಂಡನ ಜೇಬಿನಿಂದ ಪೆನ್ನು ತೆಗೆದುಕೊಂಡರು.

“ತಪ್ಪಿದ್ದು ನಮ್ಮಮ್ಮನ ದಿನ. ಜಗಳ ಆಡಬೇಕಾದವಳು ನಾನು, ಮನೇಲಿ ಆಡಿದೀನಿ, ಇನ್ನೂ ಬಾಕಿ ಇದೆ. ನಿಮಗೇನು ಅದರಲ್ಲಿ? ನೀವು ಯಾರಾದ್ರೂ ನಿಮ್ಮ ಮನೆ ತಪ್ಪನ್ನ ಹೀಗೆ ನಿಂತು ಓದಿದೀರಾ?” ನವಮಿಯ ಮೇಲೆ ಒಂದು ಗೆರೆ ಎಳೆದು ಪಕ್ಕದಲ್ಲಿ ದಶಮಿ ಎಂದು ಬರೆದರು. ನಾಗರಾಜ ಎಂಬುದರ ಮೇಲೆ ಇನ್ನೊಂದು ಗೆರೆ ಎಳೆದು ಅನಸೂಯ ಎಂದು ಬರೆದರು. ಆಮೇಲೆ ತ್ರಿವಿಕ್ರಮನ ಕಡೆ ತಿರುಗಿದರು. “ನಿಮ್ಮ ತಾಯಿ ನೆನಪು ಸರಿ ಇಲ್ಲ ಅಂದ್ರಲ್ಲಪ್ಪ. ಕೇಳಿದ್ರಾ ಅವರನ್ನ?”

ತ್ರಿವಿಕ್ರಮ ಅಧ್ಯಕ್ಷರ ಕಡೆ ನೋಡಿದ. ದ್ವಾರಕಾನಾಥ್ ಕೈ ಎತ್ತಲು ಹೇಳಿದರು. ಪುಸ್ತಕ ನಾಗರಾಜಯ್ಯನವರ ಹತ್ತಿರವೇ ಇರಲಿ ಎನ್ನುವವರು ಇಪ್ಪತ್ತೊಂಬತ್ತು, ಕಮಿಟಿಗೆ ಬರಲಿ ಎನ್ನುವವರು ಮೂವತ್ತಮೂರು. ಮಾವನ ಪರ ಪ್ರತಿಭಾ ಎರಡೂ ಕೈ ಎತ್ತಿದಳು, ಒಂದನ್ನು ಎಣಿಸಲಿಲ್ಲ. ಶಶಾಂಕ್ ಮುಂದಿನ ಸಾಲಿನಲ್ಲಿದ್ದ ತ್ರಿವಿಕ್ರಮನ ತಲೆಯನ್ನೇ ನೋಡುತ್ತಾ ಕೂತಿದ್ದ, ಎರಡು ಕಡೆಗೂ ಕೈ ಎತ್ತಲಿಲ್ಲ.

ನಾಗರಾಜಯ್ಯ ಪುಸ್ತಕವನ್ನು ಕಣ್ಣಿಗೆ ಒತ್ತಿಕೊಂಡು ಕಮಿಟಿಯ ಮೇಜಿನ ಮೇಲಿಟ್ಟರು. ಬೀಗದ ಕೈ ಗೊಂಚಲನ್ನೂ ಅದರ ಪಕ್ಕದಲ್ಲಿಟ್ಟರು. ಹೊರಗೆ ನಾಲ್ಕೂವರೆಗೇ ಕತ್ತಲು ಕವಿಯುತ್ತಿತ್ತು. ಶಶಾಂಕ್ ಕಾರು ಓಡಿಸುತ್ತಿದ್ದ. ಸೋತ ಅಪ್ಪನ ಕತ್ತು ಕನ್ನಡಿಯಲ್ಲಿ ಕಾಣುತ್ತಿತ್ತು, ಅದು ಬಗ್ಗಿರಲಿಲ್ಲ. ಮನೆಯ ತಿರುವು ಬಂದಾಗ ಶಶಾಂಕ್ ಎಡಕ್ಕೆ ತಿರುಗಿಸದೆ ನೇರ ಹೋದ.

“ಎಲ್ಲಿಗೆ?” ಎಂದಳು ಪ್ರತಿಭಾ.

“ಸ್ಟೇಷನರಿ ಅಂಗಡಿ ಆರಕ್ಕೆ ಮುಚ್ಚತ್ತೆ” ಎಂದ. “ಅಪ್ಪಾ, ಎಷ್ಟು ಪುಟದ್ದು ಬೇಕು?”

ನಾಗರಾಜಯ್ಯ ಕಿಟಕಿಯ ಕಡೆ ನೋಡಿದರು. ಅನಸೂಯಮ್ಮ ಅವರ ಪರವಾಗಿ, ಇನ್ನೂರು ಪುಟದ್ದು, ಗಟ್ಟಿ ರಟ್ಟು ಇರಲಿ ಎಂದರು. ಗಂಡನ ಮೇಲಿನ ಸಿಟ್ಟು ಅಷ್ಟರಲ್ಲಿ ಮುಕ್ಕಾಲು ಇಳಿದಿತ್ತು.

ಆ ಸಂಜೆ ಊಟದ ಮೇಜಿನ ಮೇಲೆ ಸಿರಿ ಸ್ಕೇಲು ಹಿಡಿದಳು, ಅನಸೂಯಮ್ಮ ಗೆರೆ ಎಳೆದರು. ಕಾಲಂಗಳ ತಲೆಬರಹವನ್ನೂ ಅವರೇ ಬರೆದರು. ‘ಹೇಳಿದವರು’ ಎಂಬುದನ್ನು ಕೊನೆಯಿಂದ ತೆಗೆದು ಎಲ್ಲಕ್ಕಿಂತ ಮೊದಲಿಗೆ ಇಟ್ಟರು. ನಾಗರಾಜಯ್ಯ ಕನ್ನಡಕ ಏರಿಸಿ ನೋಡಿ, ಕ್ರಮ ಹಾಗಲ್ಲ ಎನ್ನಲು ಬಾಯಿ ತೆರೆದು, ಮುಚ್ಚಿಕೊಂಡರು. ಪೆನ್ನು ಹಿಡಿದು, ಮೊದಲನೇ ಸಾಲಿಗೆ ಹೆಂಡತಿಯ ಹೆಸರು ಬರೆದು, ಆಮೇಲೆ ಅವಳು ಹೇಳಿದ ಹಾಗೇ ಒಂದೊಂದಾಗಿ ತುಂಬಿದರು. ತಿಮ್ಮಕ್ಕ. ತುಮಕೂರು. ಬೆಳಗಿನ ಜಾವ ಮೂರು. ದಶಮಿ.

ಶುಕ್ರವಾರ ದ್ವಾದಶಿ. ಮಂದಿರದಲ್ಲಿ ಅವತ್ತು ಯಾರ ಹೆಸರೂ ಕೂಗುವುದಿಲ್ಲ, ಮಾರನೆಯ ದಿನ ಮುನ್ನೂರು ಎಲೆಯ ಊಟ. ನಾಗರಾಜಯ್ಯ ಅಂಗಡಿಯಲ್ಲಿ ಒಂದು ಹಳೆಯ ಕೀ ಕೊಡುವ ವಾಚನ್ನು ಬಿಚ್ಚಿ ಹರವಿಕೊಂಡಿದ್ದರು. ಹನ್ನೆರಡು ಗಂಟೆಗೆ ಐದು ನಿಮಿಷ ಇರುವಾಗ ಕೌಂಟರಿನ ಮುಂದೆ ಮೂವರು ಹೆಂಗಸರು ಬಂದು ನಿಂತರು. ಅರ್ಧ ದಿನ ರಜ ಹಾಕಿದ್ದ ಪ್ರತಿಭಾ, ಕೈಯಲ್ಲಿ ಹೊಸ ಪುಸ್ತಕ ಹಿಡಿದ ಅನಸೂಯಮ್ಮ, ಅವರಿಬ್ಬರ ನಡುವೆ ದೊಡ್ಡ ಕೋಟು, ಉಲ್ಲನ್ ಟೋಪಿ ಹಾಕಿದ ವಸಂತಲಕ್ಷ್ಮಮ್ಮ. ಅವರ ಕೈಯಲ್ಲಿ ಸ್ಟೀಲಿನ ತಟ್ಟೆ, ತಟ್ಟೆಯಲ್ಲಿ ಅಕ್ಕಿ, ಬೇಳೆ, ಎರಡು ಬದನೇಕಾಯಿ, ಒಂದು ತೆಂಗಿನಕಾಯಿ.

“ಮಗ ನಾಳೆ ಮಾಡ್ತಾನೆ, ಮಾಡ್ಲಿ. ಅವನ ಅನುಕೂಲ ಅವನಿಗೆ” ಎಂದರು ಆಯಮ್ಮ. “ಮೂರೂವರೆ, ನಾಗರಾಜಯ್ಯನವರೇ. ಆಸ್ಪತ್ರೆ ಮುಂದಿನ ಬೀದಿಲಿ ಹಾಲಿನ ವ್ಯಾನು ಬಂದು ನಿಂತಿತ್ತು. ಆಗ ಅವರು ನನ್ನ ಕೈ ಬಿಟ್ಟರು. ಡಾಕ್ಟರನ್ನ ಕೂಗ್ಲಿಲ್ಲ ನಾನು. ಸ್ವಲ್ಪ ಹೊತ್ತು ನನ್ನ ಜೊತೇಲೇ ಇರ್ಲಿ ಅಂತ ಸುಮ್ನೆ ಕೂತಿದ್ದೆ. ಯಾಕೆ ಕೂಗ್ಲಿಲ್ಲ ಅಂತ ಇಲ್ಲೀವರೆಗೆ ಯಾರೂ ಕೇಳಿರ್ಲಿಲ್ಲ, ನಾನೂ ಹೇಳಿರ್ಲಿಲ್ಲ.”

ನಾಗರಾಜಯ್ಯ ವಾಚಿನ ಚೂರುಗಳ ಮೇಲೆ ಬಟ್ಟೆ ಮುಚ್ಚಿದರು. ಕೈ ತೊಳೆದು ಬಂದರು. ಪುಸ್ತಕ ಬಿಡಿಸಿ, ಎರಡನೇ ಸಾಲಿನಲ್ಲಿ ಮೊದಲು ಅವರ ಹೆಸರು ಬರೆದು, ಉಳಿದದ್ದನ್ನು ಬರೆದುಕೊಂಡರು. ಹನ್ನೆರಡು ಹೊಡೆಯಿತು. ಗಂಟೆ ಇರಲಿಲ್ಲ, ಪ್ರತಿಭಾ ತಟ್ಟೆಗೆ ಚಮಚದಿಂದ ಬಾರಿಸಿದಳು. ಪಾರ್ಲರಿನ ಹುಡುಗಿಯರು ಕೆಲಸ ನಿಲ್ಲಿಸಿ ತಿರುಗಿ ನೋಡಿದರು. ಟೀ ಅಂಗಡಿಯ ಸಾಲಿನಲ್ಲಿ ನಿಂತಿದ್ದವರೂ ನೋಡಿದರು. ನಾಗರಾಜಯ್ಯನವರಿಗೆ ಸಂಕೋಚವಾಯಿತು. ಮೈಸೂರಿನ ಶಾಮಣ್ಣನವರು, ಕಾರ್ತಿಕ ಬಹುಳ ದ್ವಾದಶಿ ಎಂದು ತಮಗೆ ತಾವೇ ಹೇಳಿಕೊಳ್ಳುವಷ್ಟು ಮೆಲ್ಲಗೆ ಹೇಳಿದರು.

ಅನಸೂಯಮ್ಮ ಸೆರಗು ಸೊಂಟಕ್ಕೆ ಸಿಕ್ಕಿಸಿದರು.

“ಏನ್ರೀ ಅದು, ಕಳ್ಳರ ಥರ? ಜೋರಾಗಿ ಕೂಗಿ. ಮಿಲ್ ಕ್ರೀಕಿಗೆ ಕೇಳ್ಬೇಕು.”

ನಾಗರಾಜಯ್ಯ ಎದ್ದು ನಿಂತು ಕೂಗಿದರು.